ಸಮುದ್ರದಿಂದ ಸಮುದ್ರಕ್ಕೆ ಒಂದು ಸೈಕಲ್ ದಾರಿ

ಪೆಸಿಫಿಕ್ ಕರಾವಳಿಯ ಆಸ್ಟೋರಿಯಾದಿಂದ ಅಟ್ಲಾಂಟಿಕ್ ಬದಿಯ ಯಾರ್ಕ್‌ಟೌನ್‌ವರೆಗೆ, ಅಮೆರಿಕದ ಹತ್ತು ರಾಜ್ಯಗಳನ್ನು ಹಾದುಹೋಗುವ ಟ್ರಾನ್ಸ್‌ಅಮೆರಿಕ ಟ್ರೇಲ್ ಸುಮಾರು 6,800 ಕಿ.ಮೀ. ಉದ್ದದ ಸೈಕಲ್ ಮಾರ್ಗ. ಇದಕ್ಕಾಗಿ ಯಾರೂ ಹೊಸ ರಸ್ತೆ ಹಾಕಲಿಲ್ಲ. ಇದ್ದ ರಸ್ತೆಗಳಲ್ಲೇ ಸೈಕಲ್ಲಿಗೆ ಒಗ್ಗುವಂಥವನ್ನು ಆರಿಸಿ ಜೋಡಿಸಿದರು. ಇದರ ಹಿರಿಮೆಯೆಲ್ಲ ಆ ಆಯ್ಕೆಯಲ್ಲಿದೆ.

1972ರಲ್ಲಿ ಗ್ರೆಗ್ ಮತ್ತು ಜೂನ್ ಸೈಪಲ್, ಡ್ಯಾನ್ ಮತ್ತು ಲಿಸ್ ಬರ್ಡನ್ ದಂಪತಿಗಳು ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುದಿಗೆಂದು ಸೈಕಲ್ ಹತ್ತಿ ಹೊರಟರು. ಮರುವರ್ಷ ಮೆಕ್ಸಿಕೊದಲ್ಲಿದ್ದಾಗ ಗ್ರೆಗ್‌ಗೆ ಒಂದು ವಿಚಾರ ಹೊಳೆಯಿತು: ಅಮೆರಿಕ ಸ್ವತಂತ್ರವಾಗಿ 200 ವರ್ಷ ತುಂಬುವ 1976ರಲ್ಲಿ ಸಾವಿರಾರು ಜನ ದೇಶವನ್ನು ಸೈಕಲ್ ಮೇಲೆ ದಾಟಬೇಕು. ಈ ಯೋಜನೆಗೆ ‘ಬೈಕ್‌ಸೆಂಟೆನಿಯಲ್’ ಎಂದು ಹೆಸರಾಯಿತು. ಮೊಂಟಾನಾದ ಮಿಸೂಲಾದಲ್ಲಿ ಕಚೇರಿ ತೆರೆಯಿತು. ದಾರಿ ಗುರುತಿಸುವ ಕೆಲಸದ ದೊಡ್ಡ ಪಾಲನ್ನು ಲಿಸ್ ಬರ್ಡನ್ ಹೊತ್ತರು.

ಕಾರಿಗೆ ಹತ್ತಿರದ ದಾರಿ ಒಳ್ಳೆಯ ದಾರಿ, ಸೈಕಲ್ಲಿಗೆ ಹಾಗಲ್ಲ. ವಾಹನ ಸಂಚಾರ ಕಡಿಮೆಯಿರಬೇಕು, ನೀರು ಮತ್ತು ಊಟ ಸಿಗುವ ಊರುಗಳು ಎಟುಕುವಷ್ಟು ದೂರದಲ್ಲಿರಬೇಕು, ಸಂಜೆಗೆ ತಂಗಲು ಜಾಗ ಬೇಕು. ಆದ್ದರಿಂದಲೇ ಈ ಮಾರ್ಗ ದೊಡ್ಡ ನಗರಗಳನ್ನು ಬಿಟ್ಟು ಸಣ್ಣ ಊರುಗಳನ್ನು ಹಿಡಿದು ಸಾಗುತ್ತದೆ, ಯೆಲ್ಲೊಸ್ಟೋನ್‌ನಂಥ ತಾಣಕ್ಕಾಗಿ ಬಳಸಿ ಹೋಗಲೂ ಹಿಂಜರಿಯುವುದಿಲ್ಲ. ಇಲಿನಾಯ್‌ನಿಂದ ಕೆಂಟಕಿಗೆ ದಾಟುವಾಗ ಓಹಾಯೊ ನದಿಯ ಮೇಲೆ ಸೇತುವೆಯನ್ನು ಅರಸದೆ, ಕೇವ್-ಇನ್-ರಾಕ್‌ನಲ್ಲಿ ದೋಣಿ ಹತ್ತಿಸುತ್ತದೆ. ವಯೋಮಿಂಗ್‌ನ ಒಣ ಬಯಲಿನಲ್ಲಿ ಮಾತ್ರ ಊರುಗಳೇ ವಿರಳ. ಅಲ್ಲಿ ದಿನಕ್ಕೆ ಬೇಕಾದ ನೀರನ್ನು ಸವಾರರೇ ಹೊರಬೇಕು.

ಯಾವ ಕಡೆಯಿಂದ ಹೊರಡಬೇಕು ಎಂಬುದೂ ಲೆಕ್ಕಾಚಾರದ ಮಾತೇ. ಆರೆಗಾನ್‌ನ ಮೆಕೆಂಜಿ ಕಣಿವೆದಾರಿ ಬೇಸಿಗೆಯ ಆರಂಭದವರೆಗೂ ಹಿಮದಲ್ಲಿ ಮುಚ್ಚಿರಬಹುದು. ಹಾಗಾಗಿ ವಸಂತದಲ್ಲೇ ಹೊರಡುವವರಿಗೆ ಪೂರ್ವದ ತುದಿಯೇ ಅನುಕೂಲ. ಗಾಳಿ ಪಶ್ಚಿಮದಿಂದಲೇ ಬೀಸುತ್ತದೆ ಎಂಬ ನಂಬಿಕೆಯನ್ನು ಕಾನ್ಸಾಸ್ ಸುಳ್ಳು ಮಾಡುತ್ತದೆ; ಬೇಸಿಗೆಯಲ್ಲಿ ಅಲ್ಲಿ ದಕ್ಷಿಣ, ಆಗ್ನೇಯದ ಗಾಳಿಯೇ ಹೆಚ್ಚು. ಮಾರ್ಗದ ಅತ್ಯಂತ ಎತ್ತರದ ತಾಣ ಕೊಲರಾಡೊದ ಹೂಸಿಯರ್ ಪಾಸ್, ಸುಮಾರು 3,500 ಮೀಟರ್. ಆದರೂ ಕಾಲು ಸೋಲಿಸುವುದರಲ್ಲಿ ಅಪಲೇಚಿಯನ್ ಬೆಟ್ಟಗಳೇ ಮುಂದು. ರಾಕಿ ಪರ್ವತಗಳ ಏರು ಉದ್ದವಾದರೂ ಹದವಾಗಿದೆ. ಪೂರ್ವದ್ದು ಮೋಟು, ಆದರೆ ಕಡಿದು, ಒಂದರ ಬೆನ್ನಿಗೆ ಇನ್ನೊಂದು. ಎತ್ತರದ ಅಂಕಿಯನ್ನಷ್ಟೇ ನೋಡಿ ದಿನದ ದೂರ ಗೊತ್ತುಮಾಡುವವರು ಇಲ್ಲಿ ಎಡವುತ್ತಾರೆ.

1976ರ ಬೇಸಿಗೆಯಲ್ಲಿ ಸುಮಾರು 4,000 ಜನ ಈ ದಾರಿ ತುಳಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಕೊನೆ ಮುಟ್ಟಿದರು. ಕಾನ್ಸಾಸ್‌ನ ಪುಟ್ಟ ಊರುಗಳು ಉದ್ಯಾನಗಳಲ್ಲಿ ಡೇರೆ ಹಾಕಲು ಬಿಟ್ಟವು. ವರ್ಜಿನಿಯಾದ ಆಫ್ಟನ್‌ನಲ್ಲಿ ಜೂನ್ ಕರಿ ಎಂಬ ಮಹಿಳೆ ದಣಿದು ಬಂದವರಿಗೆ ನೀರು, ಕುಕಿ ಕೊಡತೊಡಗಿದರು, ದಶಕಗಳ ಕಾಲ ಅದನ್ನು ನಡೆಸಿದರು. ಇಂಥ ಆಸರೆಯನ್ನು ಯಾವ ಯೋಜಕರೂ ಮೊದಲೇ ಬರೆದಿಡಲಾರರು. ಆದರೆ ಸಣ್ಣ ಊರುಗಳ ದಾರಿ ಆರಿಸಿದ್ದಕ್ಕೇ ಅದು ಒದಗಿತು.

1982ರಲ್ಲಿ ಈ ಮಾರ್ಗದ ಪೂರ್ವ ಭಾಗಕ್ಕೆ ‘ಯು.ಎಸ್. ಬೈಸಿಕಲ್ ರೂಟ್ 76’ ಎಂಬ ಅಧಿಕೃತ ಮನ್ನಣೆ ಸಿಕ್ಕಿತು. ಅಡ್ವೆಂಚರ್ ಸೈಕ್ಲಿಂಗ್ ಅಸೋಸಿಯೇಶನ್ ಎಂದು ಹೆಸರು ಬದಲಿಸಿಕೊಂಡ ಬೈಕ್‌ಸೆಂಟೆನಿಯಲ್ ಸಂಸ್ಥೆ ಇಂದಿಗೂ ನಕ್ಷೆಗಳನ್ನು ಹೊರತರುತ್ತಿದೆ. ಮುಚ್ಚಿದ ಅಂಗಡಿ, ಕೆಟ್ಟ ರಸ್ತೆಗಳ ಸುದ್ದಿಯನ್ನು ಸವಾರರೇ ತಿಳಿಸುತ್ತಾರೆ, ಅದರಂತೆ ನಕ್ಷೆ ತಿದ್ದುಪಡಿಯಾಗುತ್ತದೆ.