ಮುಂಬಯಿಯ ಹಳೆಯ ಮನೆಗಳಲ್ಲಿ ವಿದ್ಯುತ್ ತಂತಿ

ಕನ್ನಡ ನಾಡಿನಲ್ಲಿ ಹುಟ್ಟಿ, ಹೊಟ್ಟೆಪಾಡಿಗಾಗಿ ಮುಂಬಯಿಯಲ್ಲಿ ನೆಲೆಸಿದ ನಮಗೆ ವಿದ್ಯುಚ್ಛಕ್ತಿಯ ಇತಿಹಾಸವೆಂದರೆ ಮೊದಲು ನೆನಪಾಗುವುದು ಶಿವನಸಮುದ್ರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಕೈಗೆತ್ತಿಕೊಂಡ ಆ ಯೋಜನೆಯ ಫಲವಾಗಿ, 1902ರಲ್ಲಿ ಕಾವೇರಿಯ ಶಕ್ತಿ ಸುಮಾರು 92 ಮೈಲಿ ಪ್ರಯಾಣ ಮಾಡಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ನಮಗೆ ಈ ಅಭಿಮಾನ ಸಹಜವಾದುದೇ. ಆದರೆ ಜಲಪಾತಗಳ ಹಾಗೂ ಉತ್ಪಾದನಾ ಕೇಂದ್ರಗಳ ಚರಿತ್ರೆಯಂತೆ, ಆ ಶಕ್ತಿ ಕಟ್ಟಕಡೆಗೆ ಬಂದು ಸೇರುವ ನಮ್ಮ ಗೋಡೆಯ ತಂತಿಗೂ ಒಂದು ಚರಿತ್ರೆ ಉಂಟು. ಹಳೆಯ ಮನೆಯಲ್ಲಿ ವಾಸಿಸುವವರ ಪ್ರಾಣವೂ ಆಸ್ತಿಯೂ ನಿಂತಿರುವುದು ಈ ಎರಡನೆಯ ಚರಿತ್ರೆಯ ಮೇಲೆ.

ಮುಂಬಯಿಯ ಬೀದಿಗಳಿಗೆ 1865ರಲ್ಲಿ ಅನಿಲದ ದೀಪ ಬಂದಿತು. 1882ರಲ್ಲಿ ಕ್ರಾಫರ್ಡ್ ಮಾರುಕಟ್ಟೆಯಲ್ಲಿ ವಿದ್ಯುದ್ದೀಪದ ಪ್ರಯೋಗ ನಡೆಯಿತಾದರೂ ಅದು ಬಹುಕಾಲ ನಿಲ್ಲಲಿಲ್ಲ. ಮಾರುಕಟ್ಟೆ ಮತ್ತೆ ಅನಿಲದ ದೀಪಕ್ಕೇ ಮರಳಿತು. ನಗರದ ನಿಜವಾದ ವಿದ್ಯುದ್ಯುಗ ಮೊದಲಾದದ್ದು 1905ರಲ್ಲಿ, ವಾಡಿಬಂದರಿನ ಉತ್ಪಾದನಾ ಕೇಂದ್ರದೊಂದಿಗೆ. 1907ರ ಮೇ 7ರಂದು ವಿದ್ಯುತ್ ಟ್ರಾಂ ಓಡಿತು. 1915ರಲ್ಲಿ ಟಾಟಾ ಅವರ ಖೋಪೋಲಿ ಕೇಂದ್ರ ಕೆಲಸಕ್ಕೆ ತೊಡಗಿ, ಸಹ್ಯಾದ್ರಿಯ ಮಳೆನೀರು ಇಲ್ಲಿನ ಹತ್ತಿಯ ಗಿರಣಿಗಳನ್ನು ತಿರುಗಿಸತೊಡಗಿತು. 1947ರ ಆಗಸ್ಟಿನಲ್ಲಿ ನಗರದ ವಿದ್ಯುತ್ ಪೂರೈಕೆ ಮತ್ತು ಸಾರಿಗೆ ನಗರಸಭೆಯ ಕೈಸೇರಿದವು. ನಾವು ಇಂದು ‘ಬೆಸ್ಟ್’ ಎಂದು ಕರೆಯುವ ಸಂಸ್ಥೆ ಅದೇ.

ಗಿರಣಿಯಲ್ಲಿ, ಹೋಟೆಲಿನಲ್ಲಿ, ಕಚೇರಿಯಲ್ಲಿ ದುಡಿಯಲು ಬಂದ ನಮ್ಮವರಿಗೆ ಆಶ್ರಯ ಕೊಟ್ಟದ್ದು ಚಾಳುಗಳು. 1896ರ ಪ್ಲೇಗಿನ ಅನಂತರ 1898ರಲ್ಲಿ ಸ್ಥಾಪಿತವಾದ ಸುಧಾರಣಾ ಟ್ರಸ್ಟು ಕೆಲವನ್ನು ಕಟ್ಟಿಸಿತು. 1920ರ ದಶಕದಲ್ಲಿ ವರಳಿ, ನಾಯ್‌ಗಾಂವ್, ಶಿವಡಿಗಳಲ್ಲಿ ಬಿ.ಡಿ.ಡಿ. ಚಾಳುಗಳು ಎದ್ದವು, ಖಾಸಗಿ ಮಾಲೀಕರು ಕಟ್ಟಿಸಿದವುಗಳಿಗಂತೂ ಲೆಕ್ಕವಿಲ್ಲ. ಇಂಥ ಖೋಲಿಗಳಿಗೆ ವಿದ್ಯುತ್ ಬಂದಾಗ ಬೇಕಾಗಿದ್ದುದು ಒಂದೆರಡು ದೀಪ, ಬಹಳವಾದರೆ ಒಂದು ಪಂಖ. ಅದಕ್ಕೆ ತಕ್ಕಂತೆ ತೆಳ್ಳನೆಯ ತಾಮ್ರದ ತಂತಿಗೆ ರಬ್ಬರು ಸುತ್ತಿ, ಮೇಲೆ ಹತ್ತಿಯ ನೂಲಿನ ಹೊದಿಕೆ ಹಾಕಿ, ಗೋಡೆಗೆ ಹೊಡೆದ ಮರದ ಪಟ್ಟಿಯ ಮೇಲೆ ಓಡಿಸುತ್ತಿದ್ದರು. ಆ ಕಾಲಕ್ಕೆ ಅದು ಒಳ್ಳೆಯ ಕೆಲಸವೇ. ಆದರೆ ರಬ್ಬರಿಗೆ ಆಯುಷ್ಯ ಕಡಿಮೆ. ಮುಂಬಯಿಯ ಬೇಸಗೆಯಲ್ಲಿ ಒಣಗಿ, ಮಳೆಗಾಲದ ತೇವದಲ್ಲಿ ನೆನೆದು, ಕೆಲವು ದಶಕಗಳಲ್ಲಿ ಅದು ಹಪ್ಪಳದಂತೆ ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ಪಿ.ವಿ.ಸಿ. ಹೊದಿಕೆ ಬಳಕೆಗೆ ಬಂದು ಈ ದೋಷ ಬಹಳಮಟ್ಟಿಗೆ ನೀಗಿತು. ಆದರೆ ತಾಮ್ರ ದುರ್ಲಭವಾಗಿದ್ದ ಕಾಲದಲ್ಲಿ ಅನೇಕ ಮನೆಗಳಿಗೆ ಅಲ್ಯೂಮಿನಿಯಂ ತಂತಿ ಹಾಕಿದರು. ಅಲ್ಯೂಮಿನಿಯಂ ಮೆದುವಾದ ಲೋಹ. ತಿರುಪಿನ ಕೆಳಗೆ ನಿಧಾನವಾಗಿ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿಯಾಗುತ್ತದೆ. ಅದನ್ನು ತಾಮ್ರದೊಡನೆ ನೇರವಾಗಿ ಹೆಣೆದರೆ ಆ ಕೂಡಿಕೆ ಬೇಗ ಕೆಡುತ್ತದೆ.

ಹಾಗಾದರೆ ಹಳೆಯ ತಂತಿಯನ್ನು ಬದಲಿಸಲಿಲ್ಲವೇಕೆ? ಇದಕ್ಕೆ ಉತ್ತರ ಬಾಡಿಗೆಯ ಇತಿಹಾಸದಲ್ಲಿದೆ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ, 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಆಧಾರವಾಗಿ ಹಿಡಿದು ಹಳೆಯ ಮನೆಗಳ ಬಾಡಿಗೆಯನ್ನು ಕಟ್ಟಿಹಾಕಿತು. ಇದರಿಂದ ನಮ್ಮಂಥ ಸಾವಿರಾರು ಕುಟುಂಬಗಳು ಊರಿನ ನಡುವೆ ಬದುಕಲು ಸಾಧ್ಯವಾಯಿತೆಂಬುದನ್ನು ಮರೆಯಬಾರದು. ಆದರೆ ಹತ್ತಿಪ್ಪತ್ತು ರೂಪಾಯಿ ಬಾಡಿಗೆ ಎಣಿಸುವ ಮಾಲೀಕ ದುರಸ್ತಿಗೆ ಕೈಹಾಕಲಿಲ್ಲ. ಖೋಲಿ ತನ್ನದಲ್ಲವೆಂದು ಬಾಡಿಗೆದಾರನೂ ಹಣ ಸುರಿಯಲಿಲ್ಲ. 1969ರ ಕಾಯಿದೆಯಿಂದ ದುರಸ್ತಿ ಮಂಡಳಿಯೊಂದು ಹುಟ್ಟಿತು. ಅದರ ಮುಖ್ಯ ಗಮನ ಕಟ್ಟಡ ಕುಸಿಯದಂತೆ ನೋಡಿಕೊಳ್ಳುವುದು. ಹೀಗೆ ತೊಲೆಗೆ ಒಬ್ಬ ಧಣಿ ದೊರಕಿದರೂ ಖೋಲಿಯೊಳಗಿನ ತಂತಿಗೆ ಧಣಿ ಇಲ್ಲದಾಯಿತು. ಒಂದು ತಲೆಮಾರು ಹಾಕಿದ ತಂತಿಗೆ ಮುಂದಿನ ತಲೆಮಾರು ಇನ್ನೊಂದನ್ನು ಗಂಟುಹಾಕುತ್ತ ಬಂದಿತು.

ಇಲ್ಲಿ ಲೆಕ್ಕದವನಾದ ನಾನು ಒಂದು ಸಣ್ಣ ಲೆಕ್ಕ ಒಪ್ಪಿಸುತ್ತೇನೆ. 40 ವಾಟಿನ ಎರಡು ಬಲ್ಬು ಉರಿಸಲು 230 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಕೂಡ ಬೇಡ. ಇಂದು ಬೆಳಗಿನ ಹೊತ್ತಿನಲ್ಲಿ 2,000 ವಾಟಿನ ಗೀಸರು, 1,000 ವಾಟಿನ ಇಸ್ತ್ರಿ, 500 ವಾಟಿನ ಮಿಕ್ಸರು ಒಟ್ಟಿಗೆ ನಡೆದರೆ 15 ಆಂಪಿಯರಿಗೂ ಹೆಚ್ಚು ಬೇಕು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗದಂತೆ ಬೆಳೆಯುತ್ತದೆ: ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ, ಮೂರ್ಮಡಿಯಾದರೆ ಒಂಬತ್ತು ಮಡಿ. 5 ಆಂಪಿಯರಿಗೆಂದು ಹಾಕಿದ ತಂತಿಯ ಮೇಲೆ 15 ಆಂಪಿಯರ್ ಹೊರಿಸಿದರೆ ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು. ಇದನ್ನು ತಡೆಯಲೆಂದೇ ಫ್ಯೂಸು ಇದೆ. ಅದು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವುದು, ಲೆಕ್ಕದಲ್ಲಿ ತಪ್ಪು ಹಿಡಿದನೆಂದು ಲೆಕ್ಕಪರಿಶೋಧಕನನ್ನೇ ಮನೆಗೆ ಕಳುಹಿಸಿದಂತೆ!

ಕಾನೂನು ಈ ವಿಷಯದಲ್ಲಿ ಎಂದೂ ಮೌನವಾಗಿರಲಿಲ್ಲ. 1910ರ ವಿದ್ಯುತ್ ಕಾಯಿದೆಯ ಅಡಿಯಲ್ಲಿ ಬಂದ 1956ರ ನಿಯಮಗಳು, ಬಲ್ಬು, ಪಂಖ, ಫ್ಯೂಸು, ಸ್ವಿಚ್ಚುಗಳನ್ನು ಬದಲಿಸುವಂಥ ಚಿಕ್ಕ ಕೆಲಸಗಳನ್ನುಳಿದು, ಮನೆಯ ವೈರಿಂಗನ್ನು ಪರವಾನೆ ಪಡೆದ ಗುತ್ತಿಗೆದಾರನಿಂದಲೇ ಮಾಡಿಸಬೇಕೆಂದು ವಿಧಿಸಿದವು. ತಟಸ್ಥ ತಂತಿಯಲ್ಲಿ ಫ್ಯೂಸು ಕೂಡದೆಂದೂ ಹೇಳಿದವು. ಆ ಫ್ಯೂಸು ಮಾತ್ರ ಹೋದರೆ ದೀಪ ಆರುತ್ತದೆ, ಆದರೆ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಸತ್ತಿತೆಂದು ಮುಟ್ಟಿದವನಿಗೆ ಅಪಾಯ. ಹಳೆಯ ಹಲಗೆಗಳಲ್ಲಿ ಇಂಥ ಜೋಡಿ ಫ್ಯೂಸು ಇಂದಿಗೂ ಕಾಣಸಿಗುತ್ತದೆ. 2003ರ ಕಾಯಿದೆ ಹಳೆಯದನ್ನು ರದ್ದುಮಾಡಿದರೂ, ತರುವಾಯದ ಸುರಕ್ಷತಾ ನಿಯಮಗಳು ಪರವಾನೆಯ ತತ್ತ್ವವನ್ನು ಬಿಡಲಿಲ್ಲ. ಪೂರೈಕೆದಾರರ ಹೊಣೆ ಸಾಮಾನ್ಯವಾಗಿ ಮೀಟರಿನವರೆಗೆ. ಅಲ್ಲಿಂದ ಒಳಗೆ ಮನೆಯವರದೇ ಹೊಣೆ. ಈ ಗಡಿಯನ್ನು ನಮ್ಮಲ್ಲಿ ಅನೇಕರು ಅರಿತಿಲ್ಲ.

ಅರ್ಥಿಂಗಿನ ಮಾತನ್ನೂ ಹೇಳಬೇಕು. ನಮ್ಮ ಮೂರು ಕಾಲಿನ ಪ್ಲಗ್ಗು 1934ರ ಬ್ರಿಟಿಷ್ ಮಾದರಿಯ ಸಂತಾನ. ಇದರ ಮೇಲಿನ ಕಾಲು ದಪ್ಪಗೂ ಉದ್ದವಾಗಿಯೂ ಇರುವುದು ಭೂಮಿಯ ಸಂಪರ್ಕ ಮೊದಲು ಆಗಲೆಂದು. ಆದರೆ ಆ ರಂಧ್ರದ ಹಿಂದೆ ತಂತಿಯೇ ಇಲ್ಲದಿದ್ದರೆ ಮೂರನೆಯ ಕಾಲು ಬರಿಯ ಅಲಂಕಾರ. ಹಿಂದೆ ಎಷ್ಟೋ ಮನೆಗಳಲ್ಲಿ ಅರ್ಥಿಂಗ್ ತಂತಿಯನ್ನು ಕಬ್ಬಿಣದ ನಲ್ಲಿಯ ಕೊಳಾಯಿಗೆ ಕಟ್ಟುತ್ತಿದ್ದರು. ಕೊಳಾಯಿ ಪ್ಲಾಸ್ಟಿಕ್ಕಿನದಾದ ದಿನವೇ, ಯಾರಿಗೂ ತಿಳಿಯದಂತೆ, ಮನೆಯ ಅರ್ಥಿಂಗ್ ಹೋಯಿತು.

ಆದುದರಿಂದ ಕೆಲಸಗಾರನನ್ನು ಕರೆಯುವಾಗ ‘ಎಷ್ಟು ಕೊಡಬೇಕು’ ಎನ್ನುವುದಕ್ಕಿಂತ ಮೊದಲು ಪರವಾನೆ ಪತ್ರ ಕೇಳುವುದು ಸಂಕೋಚದ ಮಾತಲ್ಲ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡಿದರೆ ಯಾರೂ ಅವಮಾನವೆಂದು ಎಣಿಸುವುದಿಲ್ಲವಷ್ಟೆ. ನಮ್ಮ ಗಲ್ಲಿಯ ವೈರ್‌ಮನ್ನರಲ್ಲಿ ನಿಪುಣರೂ ಪ್ರಾಮಾಣಿಕರೂ ಬೇಕಾದಷ್ಟಿದ್ದಾರೆ. ಕಟ್ಟಡದ ತಂತಿಗಳ ಜಾತಕ ಬಲ್ಲ ಅಂಥವರನ್ನು ಹುಡುಕಿ, ಅವರನ್ನೇ ಪ್ರತಿಸಲವೂ ಕರೆಸುವುದು ಲೇಸು. ಕೆಲಸದ ವಿವರವನ್ನೂ ದರವನ್ನೂ ಬರೆಸಿಕೊಳ್ಳಬೇಕು, ಐ.ಎಸ್.ಐ. ಗುರುತಿನ ತಂತಿಯನ್ನೇ ತರಿಸಬೇಕು. ಗೀಸರಿಗೂ ಹವಾನಿಯಂತ್ರಕಕ್ಕೂ ಹಲಗೆಯಿಂದಲೇ ಬೇರೆ ದಪ್ಪ ತಂತಿ ಎಳೆಸಬೇಕು. ಕೆಲಸ ಮುಗಿದ ಮೇಲೆ ಮೆಗ್ಗರ್ ಉಪಕರಣದಿಂದ ತಂತಿಯ ಹೊದಿಕೆಯನ್ನು ಪರೀಕ್ಷಿಸಿ ತೋರಿಸುವಂತೆ ಕೇಳಬೇಕು. 1 ಮೆಗ್‌ಓಮ್‌ಗಿಂತ ಕಡಿಮೆ ಬಂದರೆ ಅದು ಒಪ್ಪತಕ್ಕದ್ದಲ್ಲ. ಕೊನೆಯದಾಗಿ, 30 ಮಿಲಿಆಂಪಿಯರ್ ಸೋರಿಕೆಗೇ ಪ್ರವಾಹವನ್ನು ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಹಲಗೆಯಲ್ಲಿ ಕೂಡಿಸಬೇಕು. ಫ್ಯೂಸು ಕಾಯುವುದು ತಂತಿಯನ್ನು. ಇದು ಕಾಯುವುದು ಮನುಷ್ಯನನ್ನು.

ಬಾಡಿಗೆಯ ಖೋಲಿಗೆ ಇಷ್ಟು ಖರ್ಚೇಕೆಂದು ಕೆಲವರು ಕೇಳಬಹುದು. ಗೋಡೆ ಮಾಲೀಕನದಿರಬಹುದು, ಆದರೆ ಅದಕ್ಕೆ ತಲೆಯಿಟ್ಟು ಮಲಗುವ ಮಕ್ಕಳು ನಮ್ಮವರು. ಮೇಲಾಗಿ ಚಾಳಿನಲ್ಲಿ ಒಂದು ಖೋಲಿಯ ಬೆಂಕಿ ಒಂದೇ ಖೋಲಿಯದಾಗಿ ಉಳಿಯುವುದಿಲ್ಲ. ಆದಕಾರಣ ಮಜಲಿನ ಎಲ್ಲ ಮನೆಯವರೂ ಕೂಡಿ, ಸಮಪಾಲು ಹಣ ಹಾಕಿ, ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವ ರೂಢಿ ಬೆಳೆಯಬೇಕು. ಹಬ್ಬಕ್ಕೆ ವಂತಿಗೆ ಕೂಡಿಸಬಲ್ಲ ನಮಗೆ ಇದು ಕಷ್ಟದ ಕೆಲಸವಲ್ಲ.