ಹಾವಿನ ಆಟದಿಂದ ಮೆಮೊರಿ ಕಾರ್ಡಿನವರೆಗೆ

1997ರಲ್ಲಿ ನೋಕಿಯಾ 6110 ಫೋನಿನೊಂದಿಗೆ ಹಾವಿನ ಆಟ ಬಂದಿತು. ಅದನ್ನು ರೂಪಿಸಿದವರು ಫಿನ್‌ಲೆಂಡಿನ ತನೇಲಿ ಅರ್ಮಾಂಟೊ. ಆಟವು ಫೋನಿನೊಳಗೇ ಇದ್ದುದರಿಂದ ಕದಿಯುವ ಪ್ರಶ್ನೆಯೇ ಇರಲಿಲ್ಲ. ಜಾವಾ ಫೋನುಗಳು ಬಂದ ಮೇಲೆ ಆಟ ಬೇರೆಯೇ ಫೈಲಾಗಿ, ಬ್ಲೂಟೂತ್ ಮೂಲಕ ಕೈಯಿಂದ ಕೈಗೆ ದಾಟತೊಡಗಿತು. ನರಸಿಂಹರಾಜಪುರದಿಂದ ಕಾಲೇಜಿಗೆಂದು ಬಸ್ಸು ಹತ್ತಿದ ನಾವು ಕೊಪ್ಪದಲ್ಲಿ ಇಳಿಯುವಷ್ಟರಲ್ಲಿ ಎರಡು ಆಟ ಪಡೆದಿರುತ್ತಿದ್ದೆವು. ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಮೆಮೊರಿ ಕಾರ್ಡಿಗೇ ತುಂಬಿಸಿಕೊಡುತ್ತಿದ್ದರು. ಅದರಲ್ಲಿ ಅರ್ಧ ತೆರೆಯುತ್ತಲೇ ಇರಲಿಲ್ಲ, ಉಳಿದವು ಫೋನನ್ನೇ ಹ್ಯಾಂಗ್ ಮಾಡುತ್ತಿದ್ದವು!

ಇದು ಕಳವೆಂದು ನಮಗೆ ಯಾರೂ ಹೇಳಿರಲಿಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಆದ ತಿದ್ದುಪಡಿಯು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೆ ಸೇರಿಸಿತ್ತು. ಅಂದರೆ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಕಾದಂಬರಿಯಂತೆ ಹಾವಿನ ಆಟವೂ ಕಾನೂನಿನ ಕಣ್ಣಿನಲ್ಲಿ ಒಂದು ಬರಹವೇ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಶೃಂಗೇರಿ ಕಡೆಯ ಹುಡುಗನೊಬ್ಬ ಗುಡ್ಡ ಹತ್ತಿ ಸಿಗ್ನಲ್ ಹಿಡಿದು ನನಗೆ ಫೋನ್ ಮಾಡಿದ. ತಂದೆಯ ಫೋನಿನಲ್ಲಿ ಪಾಠದ ಆ್ಯಪ್‌ಗೆ ಜಾಗವಿರಲಿಲ್ಲ. ಗೆಳೆಯ ಕಳಿಸಿದ್ದ ನಕಲಿ ಆಟವನ್ನು ತೆಗೆದುಬಿಡು ಎಂದೆ.

"ನೀವು ದುಡ್ಡು ಕೊಟ್ಟು ಆಡ್ತಿದ್ರಾ ಸರ್?" ಎಂದ.

ಮೆಮೊರಿ ಕಾರ್ಡಿನ ಕಥೆಯನ್ನು ಹೇಳಲೇಬೇಕಾಯಿತು. ಆತ ನಕ್ಕು ಆಟವನ್ನು ತೆಗೆದ. ಮುಂದಿನ ವಾರ ಮತ್ತೆ ಹಾಕಿಕೊಂಡಿದ್ದ.