ಶಿಕ್ಷಣ ಉಪಕರ ಮತ್ತು ಶಾಲಾ ಕಟ್ಟಡ ದುರಸ್ತಿ (ಕರ್ನಾಟಕ)

ಶಿಕ್ಷಣ ಉಪಕರವು ಕರ್ನಾಟಕದ ಗ್ರಾಮ ಪಂಚಾಯಿತಿಗಳು ಆಸ್ತಿ ತೆರಿಗೆಯೊಂದಿಗೆ ವಸೂಲು ಮಾಡುವ ಉಪಕರಗಳಲ್ಲಿ ಒಂದು. ಆಸ್ತಿ ತೆರಿಗೆಯು ಆಡುಮಾತಿನಲ್ಲಿ 'ಮನೆ ಕಂದಾಯ' ಎಂದು ಪರಿಚಿತವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಹಲವೆಡೆ ಶಾಲಾ ಕಟ್ಟಡಗಳಿಗಾಗಿ ಆಸ್ತಿ ತೆರಿಗೆ ಹೆಚ್ಚಿಸಲು ಸ್ಥಳೀಯ ಮತದಾರರ ಒಪ್ಪಿಗೆ ಪಡೆಯಲಾಗುತ್ತದೆ. ಕರ್ನಾಟಕದಲ್ಲಿ ಅಂತಹ ಜನಮತದ ಪದ್ಧತಿಯಿಲ್ಲ. ಇಲ್ಲಿ ತೆರಿಗೆ ನಿಗದಿ, ದುರಸ್ತಿಯ ಬೇಡಿಕೆ ಮತ್ತು ಅನುದಾನ ಮಂಜೂರಾತಿ ಬೇರೆ ಬೇರೆ ಹಂತಗಳಲ್ಲಿ ನಡೆಯುತ್ತವೆ.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ ಸ್ಥಳೀಯ ಕರದಿಂದ ಹಳ್ಳಿ ಶಾಲೆಗಳನ್ನು ನಡೆಸುವ ಪ್ರಯತ್ನ 19ನೇ ಶತಮಾನದಲ್ಲಿಯೇ ಆರಂಭವಾಯಿತು. ಬಿ. ಎಲ್. ರೈಸ್ ಅವರು 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಈ ದಿಕ್ಕಿನ ಮುಖ್ಯ ಹೆಜ್ಜೆ. 1930ರ ದಶಕದ ಆರಂಭದಲ್ಲಿ ಪ್ರಾಥಮಿಕ ಶಿಕ್ಷಣದ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲಾಯಿತು. 1941ರ ಕಾಯಿದೆಯ ಮೂಲಕ ಸರ್ಕಾರವು ಆ ಹೊಣೆಯನ್ನು ಮರಳಿ ವಹಿಸಿಕೊಂಡಿತು. ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯು ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನು ಒಳಗೊಂಡ ಶಿಕ್ಷಣವನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ.

ತೆರಿಗೆ ವಿಧಿಸುವ ಕ್ರಮ

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 199ನೇ ಪ್ರಕರಣವು, ಕಟ್ಟಡಗಳ ಮೇಲೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಮೀನುಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ನೀಡುತ್ತದೆ. ಸರ್ಕಾರ ಗೊತ್ತುಪಡಿಸಿದ ಮಿತಿಯೊಳಗೆ ದರವನ್ನು ಪಂಚಾಯಿತಿಯ ಚುನಾಯಿತ ಸದಸ್ಯರ ಸಭೆ ನಿರ್ಧರಿಸುತ್ತದೆ. ತೆರಿಗೆಯ ಮೊತ್ತದ ಮೇಲೆ ಈ ಕೆಳಗಿನ ಉಪಕರಗಳು ಸೇರುತ್ತವೆ:

* ಆರೋಗ್ಯ ಉಪಕರ – ಶೇ. 15
* ಶಿಕ್ಷಣ ಉಪಕರ – ಶೇ. 10
* ಗ್ರಂಥಾಲಯ ಉಪಕರ – ಶೇ. 6
* ಭಿಕ್ಷುಕರ ಉಪಕರ – ಶೇ. 3

ಇದರಂತೆ 1,000 ರೂಪಾಯಿ ತೆರಿಗೆಯ ಮನೆಯ ಮಾಲೀಕರು ಒಟ್ಟು 1,340 ರೂಪಾಯಿ ಪಾವತಿಸುತ್ತಾರೆ. ಅದರಲ್ಲಿ ಶಿಕ್ಷಣದ ಪಾಲು 100 ರೂಪಾಯಿ. ಆದರೆ ಉಪಕರಗಳು ಪಂಚಾಯಿತಿಯ ಸ್ವಂತ ವರಮಾನವಲ್ಲ. ಆದುದರಿಂದ ರಸೀದಿಯಲ್ಲಿ 'ಶಿಕ್ಷಣ' ಎಂದು ನಮೂದಾದ ಹಣವು ಅದೇ ಊರಿನ ಶಾಲೆಯ ಸೂರಿಗೆ ನೇರವಾಗಿ ಸಲ್ಲುತ್ತದೆ ಎನ್ನಲಾಗದು.

ದುರಸ್ತಿಯ ಅನುದಾನ

ಸರ್ಕಾರಿ ಶಾಲೆಗಳ ಹೊಸ ಕೊಠಡಿಗಳಿಗೂ ದೊಡ್ಡ ದುರಸ್ತಿಗಳಿಗೂ ಹಣ ಮುಖ್ಯವಾಗಿ ರಾಜ್ಯ ಸರ್ಕಾರ, ಜಿಲ್ಲಾ ಪಂಚಾಯಿತಿ ಮತ್ತು ಕೇಂದ್ರ ಪುರಸ್ಕೃತ ಯೋಜನೆಗಳಿಂದ ಬರುತ್ತದೆ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಡಿ ಪ್ರತಿ ಶಾಲೆಗೆ ಮಕ್ಕಳ ಸಂಖ್ಯೆಗೆ ಅನುಗುಣವಾಗಿ ವಾರ್ಷಿಕ 10,000 ರೂಪಾಯಿಯಿಂದ 1 ಲಕ್ಷ ರೂಪಾಯಿವರೆಗೆ ಸಂಯುಕ್ತ ಶಾಲಾ ಅನುದಾನ ನಿಗದಿಯಾಗಿದೆ. ಸಣ್ಣಪುಟ್ಟ ದುರಸ್ತಿ, ಸ್ವಚ್ಛತೆ ಹಾಗೂ ಕಲಿಕಾ ಸಾಮಗ್ರಿಗಳ ವೆಚ್ಚವನ್ನು ಇದರಲ್ಲಿಯೇ ಸರಿದೂಗಿಸಬೇಕು. ಮಕ್ಕಳ ಸಂಖ್ಯೆ ಇಳಿದ ಶಾಲೆಗೆ ಅನುದಾನವೂ ಇಳಿಯುತ್ತದೆ, ಆದರೆ ಕಟ್ಟಡದ ವಿಸ್ತಾರ ಅಷ್ಟೇ ಇರುತ್ತದೆ. ಆವರಣ ಗೋಡೆ, ಶೌಚಾಲಯ, ಆಟದ ಮೈದಾನದಂತಹ ಕಾಮಗಾರಿಗಳನ್ನು ಮಹಾತ್ಮ ಗಾಂಧಿ ನರೇಗಾ ಯೋಜನೆಯಡಿ ಕೈಗೊಂಡದ್ದುಂಟು. 2022ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರವು 'ವಿವೇಕ' ಯೋಜನೆಯಡಿ 7,601 ಶಾಲಾ ಕೊಠಡಿಗಳ ನಿರ್ಮಾಣಕ್ಕೆ ಚಾಲನೆ ನೀಡಿತು.

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬ್ಲಫ್, 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಶಿವನಸಮುದ್ರ ಜಲವಿದ್ಯುತ್ ಕೇಂದ್ರದ ನೆಲೆ. ಇಂತಹ ಊರುಗಳ ಸರ್ಕಾರಿ ಪ್ರಾಥಮಿಕ ಶಾಲೆಯ ದುರಸ್ತಿಗೆ ಮುಖ್ಯ ಶಿಕ್ಷಕರ ಕೋರಿಕೆಯು ಮಳವಳ್ಳಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ ಮಂಡ್ಯದ ಜಿಲ್ಲಾ ಹಂತದ ಕಚೇರಿಗಳಿಗೆ ಸಾಗಬೇಕಾಗುತ್ತದೆ. ಕಾಮಗಾರಿಗೆ ಇಂಜಿನಿಯರರ ಅಂದಾಜು ಪಟ್ಟಿಯೂ ಅಗತ್ಯ.

ಸಾರ್ವಜನಿಕರ ಪಾತ್ರ

ಜನರು ದುರಸ್ತಿಯ ವಿಷಯವನ್ನು ಎತ್ತಲು ಮುಖ್ಯವಾಗಿ ಎರಡು ವೇದಿಕೆಗಳಿವೆ. ಮೊದಲನೆಯದು ಗ್ರಾಮ ಸಭೆ. ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಇದರ ಸದಸ್ಯರು. ಎರಡು ಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚಿನ ಅಂತರ ಇರಬಾರದು. ಸಭೆಯು ಕಾಮಗಾರಿಗಳ ಆದ್ಯತೆಯನ್ನು ಸೂಚಿಸಬಹುದು.

ಎರಡನೆಯದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ). ಇದನ್ನು ರಾಜ್ಯ ಸರ್ಕಾರ 2001ರ ಆದೇಶದ ಮೂಲಕ ಜಾರಿಗೆ ತಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೇ ಪ್ರಕರಣದ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು ಮತ್ತು ಅರ್ಧದಷ್ಟು ಮಹಿಳೆಯರು ಇರಬೇಕು. ಸಮಿತಿಯು ಶಾಲಾಭಿವೃದ್ಧಿ ಯೋಜನೆ ಸಿದ್ಧಪಡಿಸಿ ಅನುದಾನದ ಬಳಕೆಯನ್ನು ಗಮನಿಸುತ್ತದೆ. ತೆರಿಗೆ ವಿಧಿಸುವ ಅಧಿಕಾರ ಇದಕ್ಕಿಲ್ಲ.

ಇತರೆಡೆಗಳೊಂದಿಗೆ ಹೋಲಿಕೆ

ಕ್ಯಾಲಿಫೋರ್ನಿಯಾದಲ್ಲಿ 1978ರ 13ನೇ ಪ್ರಸ್ತಾವವು ಆಸ್ತಿ ತೆರಿಗೆಗೆ ಮಿತಿ ಹಾಕಿತು. 2000ದಲ್ಲಿ ಅಂಗೀಕೃತವಾದ 39ನೇ ಪ್ರಸ್ತಾವವು, ಶಾಲಾ ಕಟ್ಟಡಗಳ ಸಾಲಪತ್ರಗಳಿಗೆ ಬೇಕಾದ ಬಹುಮತವನ್ನು ಷರತ್ತುಗಳಿಗೆ ಒಳಪಟ್ಟು ಮೂರನೇ ಎರಡರಿಂದ ಶೇ. 55ಕ್ಕೆ ಇಳಿಸಿತು. ಈ ಸಾಲ ಆಸ್ತಿ ತೆರಿಗೆಯಿಂದ ತೀರುತ್ತದೆ, ವೆಚ್ಚವನ್ನು ನಾಗರಿಕ ಸಮಿತಿ ಪರಿಶೀಲಿಸುತ್ತದೆ. ಈ ಪದ್ಧತಿಯಲ್ಲಿ ತೆರಿಗೆ ತೆರುವವರಿಗೆ ಯಾವ ಶಾಲೆಗೆ ಹಣ ಹೋಗುತ್ತದೆಂಬುದು ಮುಂಚಿತವಾಗಿ ತಿಳಿದಿರುತ್ತದೆ, ಆದರೆ ಆಸ್ತಿ ಮೌಲ್ಯ ಕಡಿಮೆಯಿರುವ ಪ್ರದೇಶಗಳ ಶಾಲೆಗಳು ಹಿಂದುಳಿಯುವ ಸಾಧ್ಯತೆಯಿದೆ. ಕರ್ನಾಟಕದ ಪದ್ಧತಿಯಲ್ಲಿ ಬಡ ಪಂಚಾಯಿತಿಯ ಶಾಲೆಗೂ ರಾಜ್ಯದ ಬೊಕ್ಕಸದಿಂದ ಹಣ ದೊರೆಯಬಹುದು, ಆದರೆ ಅದು ಯಾವಾಗ ದೊರೆಯುವುದೆಂಬ ನಿರ್ಧಾರ ಊರಿನವರ ಕೈಯಲ್ಲಿಲ್ಲ.

ಇವನ್ನೂ ನೋಡಿ

* ಗ್ರಾಮ ಪಂಚಾಯಿತಿ
* ಗ್ರಾಮ ಸಭೆ
* ಶಿಕ್ಷಣ ಹಕ್ಕು ಕಾಯಿದೆ
* ಮಳವಳ್ಳಿ